ಸಾವಧಾನ

ನಮ್ಮಕ್ಕನ ಮಗ ಈ ವರ್ಷ ಎಂಟನೇ ಕ್ಲಾಸು. ಶಾಲೆಯಲ್ಲಿ ಎನ್‌ಸಿಸಿಗೆ ಆಯ್ಕೆಯಾಗಿದ್ದಾನೆ. ಹೋದ ತಿಂಗಳು ರಜೆಗೆ ನಮ್ಮ ಮನೆಗೆ ಬಂದಿದ್ದ. ಒಂದು ದಿನ ಬೆಳಿಗ್ಗೆ ಆರು ಗಂಟೆಗೇ ಮಹಡಿ ಮೇಲೆ ಧಪ್ ಧಪ್ ಅಂತ ಸದ್ದು. ಹತ್ತಿ ಹೋಗಿ ನೋಡಿದೆ. ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ಹಗ್ಗದವರೆಗೆ ಒಬ್ಬನೇ ಮಾರ್ಚ್ ಮಾಡುತ್ತಿದ್ದ. ಎಡಗಾಲು ಮುಂದೆ ಹೋದಾಗ ಎಡಗೈಯೂ ಮುಂದೆ. ಬಲಗಾಲಿನ ಜೊತೆ ಬಲಗೈ. ತಪ್ಪು ಅಂತ ಅವನಿಗೂ ಗೊತ್ತಾಗುತ್ತಿತ್ತು. ನಿಲ್ಲುತ್ತಿದ್ದ, ತಲೆ ಕೊಡವಿಕೊಳ್ಳುತ್ತಿದ್ದ, ಮತ್ತೆ ಶುರು ಮಾಡುತ್ತಿದ್ದ. ಮತ್ತೆ ಅದೇ. ನನ್ನನ್ನು ನೋಡಿದ ಕೂಡಲೇ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಚಿಕ್ಕಮ್ಮಾ, ನಂಗೆ ನಡೆಯೋದೇ ಮರ್ತೋಗ್ತಿದೆ" ಅಂದ.

ಆ ಮಾತು ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಹದಿಮೂರು ವರ್ಷದ ಹುಡುಗ. ವರ್ಷ ತುಂಬಿದಾಗಿನಿಂದ ನಡೆಯುತ್ತಿದ್ದಾನೆ. ಬಸ್ಸು ಹೊರಟರೆ ಓಡಿ ಹತ್ತುತ್ತಾನೆ, ಗದ್ದೆಯ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡುತ್ತಾನೆ. ಆಗೆಲ್ಲ ಕೈಕಾಲು ಎಲ್ಲಿರಬೇಕೋ ಅಲ್ಲೇ ಇರುತ್ತವೆ. ಯಾರೋ ಒಬ್ಬರು 'ತೇಜ್ ಚಲ್' (ಬೇಗ ನಡೆ) ಅಂದರೆ ಸಾಕು, ಎಲ್ಲ ಕಲಸಿಹೋಗುತ್ತದೆ. ಇದು ಅವನೊಬ್ಬನ ಕಥೆಯಲ್ಲ. ಪರೇಡಿನ ಮೊದಲ ದಿನ ಯಾವ ಮೈದಾನಕ್ಕೆ ಹೋಗಿ ನೋಡಿ, ಒಂದೇ ಕಡೆಯ ಕೈ ಕಾಲು ಎತ್ತುವ ನಾಲ್ಕೈದು ಮಕ್ಕಳು ಇದ್ದೇ ಇರುತ್ತಾರೆ. ಇಪ್ಪತ್ತು ವರ್ಷಕ್ಕೂ ಹಿಂದೆ ನಾನೂ ಅವರಲ್ಲಿ ಒಬ್ಬಳಾಗಿದ್ದೆ.

ಇದಕ್ಕೆ ಕಾರಣ ಇದೆ. ನಡಿಗೆಯ ಲಯವನ್ನು ನಮ್ಮ ತಲೆ ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕುವುದಿಲ್ಲ. ಬೆನ್ನುಹುರಿಯೊಳಗಿನ ನರಗಳ ಜಾಲವೇ ಆ ಲಯವನ್ನು ನಡೆಸುತ್ತದೆ. ಮೆದುಳಿಗೆ ಹೊರಡು, ನಿಲ್ಲು, ತಿರುಗು ಅನ್ನುವ ಕೆಲಸ ಜಾಸ್ತಿ. ಕಾಲು ಮುಂದೆ ಹೋದಾಗ ಸೊಂಟ ಒಂದು ಕಡೆ ತಿರುಚುತ್ತದೆ, ಎದುರು ಕೈ ಬೀಸಿ ಆ ತಿರುಚನ್ನು ಸರಿದೂಗಿಸುತ್ತದೆ. ಇದನ್ನು ಯಾರೂ ಕಲಿಸಿರುವುದಿಲ್ಲ. 'ಈಗ ಸರಿಯಾಗಿ ನಡೆ' ಅಂತ ಹೇಳಿದ ಕೂಡಲೇ ತಲೆ ನಡುವೆ ಕೈ ಹಾಕುತ್ತದೆ. ತನಗೆ ಗೊತ್ತಿಲ್ಲದ ಕೆಲಸವನ್ನು ತಾನೇ ಮಾಡಲು ಹೋಗುತ್ತದೆ. ಕವಾಯತು ಕಲಿಯುವುದು ಅಂದರೆ ಮೊದಲು ಇದೇ: ನಿಲ್ಲುವುದು, ನಡೆಯುವುದು, ತಿರುಗುವುದು, ಮತ್ತೆ ನಿಲ್ಲುವುದು. ಗೊತ್ತಿದ್ದ ನಾಲ್ಕೇ ಕೆಲಸಗಳನ್ನು ಪೂರ್ತಿ ಕಳೆದುಕೊಂಡು ಮತ್ತೆ ಪಡೆಯುವುದು.

ನೀರು ತಗೊಂಡು ಬಾ

ನಾನು ಎನ್‌ಸಿಸಿ ಸೇರಿದ್ದು ಪದವಿಯ ಮೊದಲ ವರ್ಷದಲ್ಲಿ. ಚಿಕ್ಕಮಗಳೂರು ಜಿಲ್ಲೆಯ ಒಂದು ತಾಲ್ಲೂಕು ಊರು. ಭಾನುವಾರ ಬೆಳಿಗ್ಗೆ ಪರೇಡು. ಹಿಂದಿನ ರಾತ್ರಿ ಅನ್ನದ ಗಂಜಿ ಬಸಿದು ಖಾಕಿ ಬಟ್ಟೆಗೆ ಹಾಕಿ ಒಣಗಿಸುತ್ತಿದ್ದೆವು. ಅದು ಹಲಗೆ ಹಾಗೆ ನಿಲ್ಲುತ್ತಿತ್ತು. ಬೆಲ್ಟಿನ ಹಿತ್ತಾಳೆಗೆ ಬ್ರಾಸೋ, ಬೂಟಿಗೆ ಪಾಲಿಶ್. ಮಂಜು ಇನ್ನೂ ಹರಿದಿರುತ್ತಿರಲಿಲ್ಲ. ಹುಲ್ಲು ಒದ್ದೆ. ಹತ್ತು ನಿಮಿಷದಲ್ಲಿ ಆ ಪಾಲಿಶ್ ಎಲ್ಲ ಕೆಸರಾಗುತ್ತಿತ್ತು. ಆದರೂ ಮುಂದಿನ ಶನಿವಾರ ಮತ್ತೆ ಅಷ್ಟೇ ಶ್ರದ್ಧೆಯಿಂದ ಉಜ್ಜುತ್ತಿದ್ದೆವು.

ನಮಗೆ ಕಲಿಸಲು ಬರುತ್ತಿದ್ದವರು ಸೇನೆಯ ಒಬ್ಬ ಹವಾಲ್ದಾರ್. ಗಢವಾಲ್ ಕಡೆಯವರು. ಎಲ್ಲರೂ ಕರೆಯುವ ಹಾಗೆ ನಾವೂ ಅವರನ್ನು ಉಸ್ತಾದ್ ಅನ್ನುತ್ತಿದ್ದೆವು. ಅವರಿಗೆ ಕನ್ನಡದ ನಾಲ್ಕು ಮಾತು ಬರುತ್ತಿತ್ತು, ನಮಗೆ ಹಿಂದಿಯ ನಾಲ್ಕು ಮಾತು. ಆ ಎಂಟು ಮಾತಲ್ಲಿ ಎರಡು ವರ್ಷ ಕಳೆದೆವು. ಮೊದಲ ದಿನ 'ಲಂಬಾ ದಾಹಿನೇ, ಛೋಟಾ ಬಾಯೇ' ಅಂದು ನಮ್ಮನ್ನು ಎತ್ತರದ ಪ್ರಕಾರ ನಿಲ್ಲಿಸಿದರು. ನಾನು ಗಿಡ್ಡ. ಎಡಗಡೆಯ ಕೊನೆಗೆ ಹೋದೆ. ನನ್ನ ಪಕ್ಕದಲ್ಲಿ, ಇನ್ನೂ ಒಂದು ಬೆರಳು ಗಿಡ್ಡ ಇದ್ದ ಹುಡುಗಿ. ಎರಡು ವರ್ಷ ಅದೇ ನಮ್ಮ ಜಾಗ. ಅವಳು ನನ್ನ ಎಡಕ್ಕೆ, ನಾನು ಅವಳ ಬಲಕ್ಕೆ.

ನನಗೆ ನಡಿಗೆ ಬರಲಿಲ್ಲ. ಮೂರು ಭಾನುವಾರ ಬರಲಿಲ್ಲ. ಕದಮ್ ತಾಲ್‌ನಲ್ಲಿ, ಅಂದರೆ ನಿಂತಲ್ಲೇ ಹೆಜ್ಜೆ ಹಾಕುವಾಗ ಸರಿ ಇರುತ್ತಿತ್ತು. ಮುಂದೆ ಹೊರಟ ಕೂಡಲೇ ಕೈ ಕಾಲು ಒಂದೇ ಕಡೆ. ನಾಲ್ಕನೇ ಭಾನುವಾರ ಉಸ್ತಾದ್ ನನ್ನನ್ನು ಸಾಲಿನಿಂದ ಆಚೆ ಕರೆದರು. ಇವತ್ತು ಮನೆಗೆ ಕಳಿಸುತ್ತಾರೆ ಅಂದುಕೊಂಡೆ. ಅವರು ಮೈದಾನದ ಆಚೆ ತುದಿಯ ನಲ್ಲಿ ತೋರಿಸಿ, ಬಾಟಲಿ ಕೈಗೆ ಕೊಟ್ಟು, "ನೀರು ತಗೊಂಡು ಬಾ" ಅಂದರು. ಅಷ್ಟು ಕನ್ನಡ ಅವರಿಗೆ ಬರುತ್ತಿತ್ತು. ಹೋದೆ, ತುಂಬಿಸಿದೆ, ತಂದೆ. ಅವರು ಕುಡಿಯಲಿಲ್ಲ. ಬಾಟಲಿಯನ್ನು ನೆಲದ ಮೇಲಿಟ್ಟು, ನಾನು ಬಂದ ದಾರಿ ತೋರಿಸಿದರು. ಒದ್ದೆ ಹುಲ್ಲಿನ ಮೇಲೆ ನನ್ನ ಹೆಜ್ಜೆ ಸಾಲಾಗಿ ಮೂಡಿತ್ತು. "ಯಹೀ ಹೈ. ಯಹೀ ಚಾಲ್ ಹೈ" ಅಂದರು. ಇದೇ ನಿನ್ನ ನಡಿಗೆ, ಇದನ್ನೇ ದೊಡ್ಡದು ಮಾಡು ಅಂತ. ಆಮೇಲೆ ಅವರೇ ನನ್ನ ಪಕ್ಕ ನಿಂತು ಸುಮ್ನೆ ನಡೆಯಲು ಶುರು ಮಾಡಿದರು. ಎಣಿಕೆ ಇಲ್ಲ, ಹುಕುಂ ಇಲ್ಲ. ಇಪ್ಪತ್ತು ಹೆಜ್ಜೆ ಆದಮೇಲೆ ಕೈ ಸ್ವಲ್ಪ ಎತ್ತಿದರು. ನನ್ನದೂ ಎದ್ದಿತು. ಇನ್ನೂ ಸ್ವಲ್ಪ. ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ನಾವು ಮೈದಾನದ ಕೊನೆ ಮುಟ್ಟಿದ್ದೆವು. ಎಡಗಾಲಿನ ಜೊತೆ ನನ್ನ ಬಲಗೈ ಇತ್ತು.

ಮಹಡಿ ಮೇಲೆ ಅವತ್ತು ನಾನೂ ಅದನ್ನೇ ಮಾಡಿದೆ. "ಕೆಳಗೆ ಹೋಗಿ ಪೇಪರ್ ತಗೊಂಡು ಬಾ" ಅಂದೆ.

ನಡೆಯುವುದರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಕಾಲಿನ ಸದ್ದು ಕೇಳಬಾರದು ಅಂತ ಇತ್ತು. "ಏನೇ ಅದು ದಬದಬ, ನೆಲ ನೋಯುತ್ತೆ" ಅನ್ನುತ್ತಿದ್ದಳು ಅಜ್ಜಿ. ರಸ್ತೆಯಲ್ಲಿ ಪುಸ್ತಕ ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಪಕ್ಕಕ್ಕೆ ಸರಿದು ನಡೆಯುವುದು ನಮಗೆ ರೂಢಿ. ಮೈದಾನದಲ್ಲಿ ಹೇಳುತ್ತಿದ್ದುದು ಅದರ ಪೂರ್ತಿ ಉಲ್ಟಾ. ಎದೆ ಎತ್ತು, ಗದ್ದ ಎತ್ತು, ನಜರ್ ಸಾಮ್ನೇ, ಅಂದರೆ ನೋಟ ನೇರ ಮುಂದೆ. ಕೈ ಬೀಸು. ಹಿಮ್ಮಡಿ ಮೊದಲು ನೆಲಕ್ಕೆ ಬೀಳಲಿ, ಸದ್ದು ಬರಲಿ. ಒಂದು ಹೆಜ್ಜೆ 30 ಇಂಚು. ನನ್ನ ಎತ್ತರಕ್ಕೆ ಅದು ಜಿಗಿತವೇ. ಎನ್‌ಸಿಸಿ ಶುರುವಾದದ್ದು 1948ರ ಕಾಯಿದೆಯಿಂದ, ಹುಡುಗಿಯರ ವಿಭಾಗ ಬಂದದ್ದು 1949ರಲ್ಲಿ. ಆಗ ಸೇರಿದ ಹುಡುಗಿಯರ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ನೆಲಕ್ಕೆ ನೋವಾಗುತ್ತೆ ಅಂತ ಕೇಳಿಕೊಂಡೇ ಬೆಳೆದ ಕಾಲುಗಳು ಮೊದಲ ಸಲ ಮೈದಾನದಲ್ಲಿ ಹಿಮ್ಮಡಿ ಊರಿದಾಗ ಅವರಿಗೆ ಏನನ್ನಿಸಿರಬಹುದು. ನನಗಂತೂ ಮೊದಲು ಹೆದರಿಕೆಯಾಯಿತು. ಆಮೇಲೆ ಆ ಸದ್ದು ನನ್ನದೇ ಅಂತ ಗೊತ್ತಾಗಿ ಮೈ ಜುಮ್ಮೆಂದಿತು. ಹಾಗೆಯೇ ದನಿ. ಇಬ್ಬಿಬ್ಬರನ್ನು ಮೈದಾನದ ಎರಡು ತುದಿಗೆ ನಿಲ್ಲಿಸಿ ಒಬ್ಬರಿಗೊಬ್ಬರು ಹುಕುಂ ಕೊಡಿಸುತ್ತಿದ್ದರು. ಗಂಟಲಿನಿಂದ ಕೂಗಿದರೆ ಕೀರಲಾಗುತ್ತದೆ. ಹೊಟ್ಟೆಯಿಂದ ಎತ್ತಬೇಕು. ನನಗೆ ಅಂಥದ್ದೊಂದು ದನಿ ಇದೆ ಅಂತ ಹತ್ತೊಂಬತ್ತನೇ ವಯಸ್ಸಿನವರೆಗೆ ಗೊತ್ತೇ ಇರಲಿಲ್ಲ.

ಎರಡು ಮಾತಿನ ನಡುವೆ

ಮೊದಲ ಹುಕುಂ ಸಾವ್ಧಾನ್. ಹಿಂದಿಯಲ್ಲಿ ಅದರ ಅರ್ಥ ಎಚ್ಚರ. ಹಿಮ್ಮಡಿ ಕೂಡಿಸಿ, ಮುಂಗಾಲುಗಳ ನಡುವೆ 30 ಡಿಗ್ರಿ ಬಿಟ್ಟು, ಮುಷ್ಟಿ ಕಟ್ಟಿ, ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ತಾಗಿಸಿ ನಿಲ್ಲುವುದು. ವಿಶ್ರಾಮ್ ಅಂದರೆ ಎಡಗಾಲನ್ನು 12 ಇಂಚು ಪಕ್ಕಕ್ಕೆ ಊರಿ, ಕೈ ಹಿಂದೆ ಕಟ್ಟುವುದು. ಆದರೆ ನಮ್ಮ ಕಿವಿಗೆ ಸಾವಧಾನ ಅನ್ನುವ ಮಾತು ಮೊದಲೇ ಗೊತ್ತಿತ್ತು. ಕನ್ನಡದಲ್ಲಿ ಅದು ನಿಧಾನ, ಸಮಾಧಾನ, ತಾಳ್ಮೆ. "ಸಾವಧಾನವಾಗಿ ಹೋಗಿ ಬಾ" ಅಂತ ಬಸ್ಸು ಹತ್ತಿಸುವಾಗ ಹೇಳುತ್ತೇವೆ. "ಸಾವಧಾನವಾಗಿ ಕೇಳು" ಅಂತ ಜಗಳದ ನಡುವೆ ಹೇಳುತ್ತೇವೆ. ಹೀಗಾಗಿ ಉಸ್ತಾದ್ ಗುಡುಗಿದ ಹಾಗೆ 'ಸಾವ್ಧಾನ್' ಅಂದಾಗ ಬೆಚ್ಚಿಬೀಳುವ ಮೈಯೊಳಗೆ ಎಲ್ಲೋ ಅಜ್ಜಿಯ ಆ ಮೆತ್ತನೆ ಸಾವಧಾನವೂ ಕೇಳುತ್ತಿತ್ತು. ಎರಡೂ ಒಂದಕ್ಕೊಂದು ವಿರುದ್ಧ ಅಂತ ಆಗ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಕವಾಯತಿನ ಗುಟ್ಟು ಇರುವುದು ನಮ್ಮ ಕನ್ನಡದ ಅರ್ಥದಲ್ಲೇ ಅಂತ ನಾನು ನಂಬಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ಹುಕುಮಿಗೆ ಎರಡು ತುಂಡು ಇರುತ್ತದೆ. 'ದಾಹಿನೇ', ಅಂದರೆ ಬಲಕ್ಕೆ, ಅಂತ ಎಳೆದು ಹೇಳುತ್ತಾರೆ. ಆಮೇಲೆ ಒಂದು ಬಿಡುವು. ಆಮೇಲೆ 'ಮುಡ್', ಅಂದರೆ ತಿರುಗು, ಅಂತ ಕತ್ತರಿಸಿದ ಹಾಗೆ. ಮೊದಲ ತುಂಡು ಏನು ಮಾಡಬೇಕು ಅಂತ ತಿಳಿಸುತ್ತದೆ, ಎರಡನೆಯದು ಯಾವಾಗ ಅಂತ. ಬಲ ಹಿಮ್ಮಡಿ ಮತ್ತು ಎಡ ಮುಂಗಾಲಿನ ಮೇಲೆ ತಿರುಗಬೇಕು, ಎಡಗಾಲು ಎತ್ತಿ ಬಲಗಾಲಿನ ಪಕ್ಕ ಕುಟ್ಟಬೇಕು. ಕಲಿಯುವಾಗ ಬಾಯಲ್ಲಿ 'ಏಕ್, ದೋ ತೀನ್, ಏಕ್' ಅಂತ ಎಣಿಸುತ್ತೇವೆ. ಮೊದಲ ಏಕ್‌ಗೆ ತಿರುಗು, ಕೊನೆಯ ಏಕ್‌ಗೆ ಕಾಲು ಊರು. ನಡುವಿನ ದೋ ತೀನ್‌ಗೆ ಕೆಲಸವೇ ಇಲ್ಲ. ಅದು ಬರೀ ಕಾಯುವುದಕ್ಕೆ. ಹೊಸಬರು ತಪ್ಪುವುದು ಯಾವಾಗಲೂ ಅಲ್ಲೇ. ತಿರುಗುವುದು ಯಾರಿಗೂ ಕಷ್ಟವಲ್ಲ. ತಿರುಗುವುದು ಗೊತ್ತಿದ್ದೂ ತಿರುಗದೆ ಇರುವುದು ಕಷ್ಟ. 'ದಾಹಿನೇ' ಕೇಳಿದ ಕೂಡಲೇ ಅರ್ಧ ಜನ ವಾಲಿಬಿಡುತ್ತಾರೆ.

ಇದು ನಮಗೆ ಹೊಸದೇನಲ್ಲ, ಯೋಚಿಸಿ ನೋಡಿ. ಮದುವೆ ಮನೆಯಲ್ಲಿ ಅಂತರಪಟ ಹಿಡಿದಿರುತ್ತಾರೆ. ಪುರೋಹಿತರು 'ಸುಮುಹೂರ್ತೇ ಸಾವಧಾನ' ಅನ್ನುತ್ತಾರೆ. ಎಲ್ಲರ ಮುಷ್ಟಿಯಲ್ಲೂ ಅಕ್ಷತೆ. ಮಕ್ಕಳು ಮೊದಲೇ ಎಸೆದುಬಿಡುತ್ತಾರೆ. ದೊಡ್ಡವರು ಕಾಯುತ್ತಾರೆ. ಆ ಕಾಯುವ ಗಳಿಗೆಯಲ್ಲಿ ಛತ್ರದ ಎಲ್ಲರೂ ಒಂದೇ ಉಸಿರು ಹಿಡಿದಿರುತ್ತಾರೆ. ಪಟ ಸರಿಯುತ್ತದೆ, ವಾಲಗ ಜೋರಾಗುತ್ತದೆ, ಅಕ್ಕಿ ಬೀಳುತ್ತದೆ. ಮೈದಾನದ 'ದಾಹಿನೇ' ಮತ್ತು 'ಮುಡ್' ನಡುವೆ ಇರುವುದೂ ಅಂಥದ್ದೇ ಜಾಗ. ಮೂವತ್ತು ಜನ ಒಟ್ಟಿಗೆ ಕಾಯುತ್ತಾರೆ. ಒಟ್ಟಿಗೆ ತಿರುಗುವುದು ಅದರ ಫಲ ಅಷ್ಟೇ.

ಕಾಯುವುದು ಬಂದಮೇಲೆ ಕೇಳುವುದು ಬರುತ್ತದೆ. ನಿಂತಾಗ 'ದಾಹಿನೇ ಸಜ್' ಅಂದರೆ ಬಲಕ್ಕೆ ಕತ್ತು ತಿರುಗಿಸಿ ಸಾಲು ನೇರ ಮಾಡಿಕೊಳ್ಳಬಹುದು. ನಡೆಯುವಾಗ ತಲೆ ತಿರುಗಿಸುವ ಹಾಗಿಲ್ಲ. ಆಗ ಸಾಲು ನೇರ ಇರುವುದು ಕಣ್ಣಂಚಿನಿಂದ ಮತ್ತು ಕಿವಿಯಿಂದ. ಡ್ರಮ್ಮಿನ ದೊಡ್ಡ ಏಟು ಎಡಗಾಲಿಗೆ ಬೀಳುತ್ತದೆ. ಡ್ರಮ್ಮು ಇಲ್ಲದಿದ್ದರೆ ಪಕ್ಕದವಳ ಬೂಟೇ ಡ್ರಮ್ಮು. ಸೇನೆಯ ತೇಜ್ ಚಾಲ್ ನಿಮಿಷಕ್ಕೆ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಎರಡು. ಆ ವೇಗದಲ್ಲಿ ಒಬ್ಬಳು ತಪ್ಪಿದರೆ ಇಡೀ ಸದ್ದು ಬಿರುಕು ಬಿಡುತ್ತದೆ. ತಪ್ಪಿದವಳಿಗೆ 'ಕದಮ್ ಬದಲ್' ಅಂತ ಒಂದು ಉಪಾಯ ಇದೆ. ಹಿಂದಿನ ಕಾಲನ್ನು ಮುಂದಿನ ಹಿಮ್ಮಡಿಗೆ ತಾಗಿಸಿ, ಅದೇ ಮುಂದಿನ ಕಾಲನ್ನು ಮತ್ತೆ ಹಾಕುವುದು. ಅರ್ಧ ಗಳಿಗೆಯ ಕೆಲಸ. ನನಗೆ ಅದು ತುಂಬ ಇಷ್ಟ. ನಿಲ್ಲಿಸುವುದಿಲ್ಲ, ಹೊರಗೆ ಹಾಕುವುದಿಲ್ಲ, ನಡೆಯುತ್ತಲೇ ಸರಿಮಾಡಿಕೊಂಡು ಸೇರಿಕೋ ಅನ್ನುತ್ತದೆ. ಕೆಲವು ತಿಂಗಳಾದ ಮೇಲೆ ನನ್ನ ಎಡಗಡೆಯ ಹುಡುಗಿಯ ಹೆಜ್ಜೆಯನ್ನು ಕಣ್ಣುಮುಚ್ಚಿ ಗುರುತಿಸುತ್ತಿದ್ದೆ. ಅವಳ ಬಲ ಬೂಟಿನ ಲಾಳ ಸಡಿಲ ಇತ್ತು. ಪ್ರತಿ ಎರಡನೇ ಹೆಜ್ಜೆಗೆ ಸಣ್ಣದೊಂದು ಕಿಣಿ.

ಕವಾಯತು ಅನ್ನುವ ಮಾತು

ಕವಾಯತು ಅರಬ್ಬಿಯಿಂದ ಬಂದ ಮಾತು. 'ಕಾಯಿದೆ' ಅಂದರೆ ನಿಯಮ. ಅದರ ಬಹುವಚನ ಕವಾಯದ್. ಅದೇ ನಮ್ಮಲ್ಲಿ ಕವಾಯತು ಆಗಿದೆ. ಕೋರ್ಟಿನ ಕಾಯಿದೆ, ಮೈದಾನದ ಕವಾಯತು ಎರಡೂ ಒಂದೇ ಬೇರಿನವು. ನಿಯಮಗಳನ್ನು ಮೈಗೆ ಬರೆಯುವುದು ಅಂತ ಹೇಳಬಹುದೇನೋ.

ಈಗ ನಾವು ನೋಡುವ ಬಗೆಯ ಡ್ರಿಲ್ ರೂಪುಗೊಂಡದ್ದು 1590ರ ದಶಕದ ಡಚ್ ಸೇನೆಯಲ್ಲಿ, ಅದರ ದಂಡನಾಯಕ ನಾಸೌನ ಮಾರಿಸ್‌ನ ಕಾಲದಲ್ಲಿ. ಆಗಿನ ಕೋವಿಗೆ ಮದ್ದು ತುಂಬಲು ತುಂಬ ಹೊತ್ತು ಬೇಕಿತ್ತು. ಮುಂದಿನ ಸಾಲು ಗುಂಡು ಹಾರಿಸಿ ಹಿಂದಕ್ಕೆ ಹೋಗಬೇಕು, ಹಿಂದಿನ ಸಾಲು ಮುಂದೆ ಬರಬೇಕು, ಗುಂಡು ನಿಲ್ಲಬಾರದು. ಹೆದರಿದ ಜನ ಇದನ್ನು ಯೋಚಿಸಿ ಮಾಡಲಾರರು. ಅದಕ್ಕೇ ಪ್ರತಿ ಚಲನೆಯನ್ನು ಚೂರು ಚೂರಾಗಿ ಒಡೆದು, ಎಣಿಸಿ, ಸಾವಿರ ಸಲ ಮಾಡಿಸಿದರು. ಈ ಪದ್ಧತಿ ಯುರೋಪಿನಿಂದ ಎಲ್ಲ ಕಡೆ ಹರಡಿತು. ನಮ್ಮ ಟಿಪ್ಪು ಸುಲ್ತಾನ್ ಕೂಡ ತನ್ನ ಪಡೆಗೆ ಕವಾಯತಿನ ನಿಯಮಗಳ ಕೈಪಿಡಿಯನ್ನು ಪಾರಸಿಯಲ್ಲಿ ಬರೆಸಿದ್ದ. ಕೊಲ್ಲುವ ಕೆಲಸವನ್ನು ಸಲೀಸು ಮಾಡುವುದಕ್ಕೇ ಇದು ಹುಟ್ಟಿತು. ಇದನ್ನು ಇಷ್ಟಪಡುವ ನಾನು ಈ ಸತ್ಯವನ್ನು ಮುಚ್ಚಿಡಬಾರದು.

ಹಾಗಾದರೆ ಕೋವಿ ಇಲ್ಲದ ಕವಾಯತಿಗೆ ಏನು ಅರ್ಥ? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡವರು ಹುಬ್ಬಳ್ಳಿಯ ಸ್ವಾತಂತ್ರ್ಯ ಹೋರಾಟಗಾರ ಡಾ. ನಾ. ಸು. ಹರ್ಡೀಕರ್ ಅಂತ ನನಗೆ ಅನ್ನಿಸುತ್ತದೆ. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಅವರೂ ಅವರ ಹುಬ್ಬಳ್ಳಿಯ ಜೊತೆಗಾರರೂ ಜೈಲಿಗೆ ಹೋದರು. ಒಟ್ಟಿಗೆ ಗಟ್ಟಿಯಾಗಿ ನಿಂತರು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್‌ನಲ್ಲಿ, ಸ್ವಯಂಸೇವಕರಿಗೆ ಶಿಸ್ತು, ಕವಾಯತು ಕಲಿಸುವ ಹಿಂದೂಸ್ತಾನಿ ಸೇವಾದಳ ಹುಟ್ಟಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ಈ ಸ್ವಯಂಸೇವಕರು ದುಡಿದರು. ಇದು ಸೈನ್ಯದ ವಾಸನೆಯದು, ಅಹಿಂಸೆಗೆ ಹೊಂದುವುದಿಲ್ಲ ಅಂತ ಕಾಂಗ್ರೆಸ್ಸಿನ ಒಳಗೇ ಕೆಲವರು ಆಕ್ಷೇಪ ಎತ್ತಿದ್ದರು. ಆ ಆಕ್ಷೇಪ ಸುಳ್ಳಲ್ಲ. ಆದರೆ ಲಾಠಿ ಏಟು ಬೀಳುವಾಗ ಕೈ ಎತ್ತದೆ ಸಾಲಿನಲ್ಲಿ ನಿಲ್ಲುವುದಕ್ಕೂ ಕಾಯುವುದು ಗೊತ್ತಿರಬೇಕು, ಅಲ್ವಾ? ಓಡಿಹೋಗದೆ ಇರುವುದು, ಹೊಡೆಯದೆ ಇರುವುದು, ಎರಡಕ್ಕೂ ಮೈ ತಯಾರಾಗಿರಬೇಕು.

ಹೆಜ್ಜೆ ಕೂಡಿಸುವುದರಲ್ಲಿ ಅಪಾಯವೂ ಇದೆ, ಅದೂ ಬರೀ ಮಾತಿಗೆ ಅಲ್ಲ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ಬ್ರಾಟನ್ ತೂಗುಸೇತುವೆಯ ಮೇಲೆ 74 ಸೈನಿಕರು ಒಂದೇ ಹೆಜ್ಜೆಯಲ್ಲಿ ನಡೆದರು. ಸೇತುವೆ ಆ ಲಯಕ್ಕೆ ತೂಗತೊಡಗಿತು, ಕಿತ್ತು ಬಿತ್ತು. ಯಾರೂ ಸಾಯಲಿಲ್ಲ, ಹಲವರಿಗೆ ಏಟಾಯಿತು. ಆಮೇಲೆ ಸೇತುವೆ ಬಂದಾಗ ಹೆಜ್ಜೆ ಮುರಿದು ನಡೆಯಿರಿ ಅನ್ನುವ ಆಜ್ಞೆ ಬ್ರಿಟಿಷ್ ಸೇನೆಯಲ್ಲಿ ಬಂತು. ನಮ್ಮ ಕ್ಯಾಂಪಿನ ಚಾರಣದಲ್ಲೂ ಒಂದು ತೂಗುಸೇತುವೆ ಸಿಕ್ಕಿತ್ತು. ಉಸ್ತಾದ್ ನಮ್ಮನ್ನು ಒಬ್ಬೊಬ್ಬರನ್ನಾಗಿ ಬಿಟ್ಟರು. ಕೆಳಗೆ ಹೊಳೆ. ಅಷ್ಟು ತಿಂಗಳಲ್ಲಿ ಮೊದಲ ಸಲ ನಮ್ಮ ನಮ್ಮ ನಡಿಗೆಯಲ್ಲಿ ನಡೆದೆವು. ಎಡಗಡೆ ಕಿಣಿ ಸದ್ದು ಇಲ್ಲ. ನನಗೆ ಒಂಥರಾ ಭಣಭಣ ಅನ್ನಿಸಿತು.

ಜನವರಿ 26

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತು ಹಾಕಿದ್ದು ಇದಕ್ಕೇ ಇರಬೇಕು.

2002ರ ಗಣರಾಜ್ಯೋತ್ಸವ. ತಾಲ್ಲೂಕು ಮೈದಾನ. ಪೊಲೀಸರು, ಗೃಹರಕ್ಷಕರು, ನಾವು, ಸ್ಕೌಟ್ಸ್, ಸೇವಾದಳದ ಮಕ್ಕಳು. ಏಳೂವರೆಗೆ ಬಂದು ನಿಂತಿದ್ದೆವು. ಮುಖ್ಯ ಅತಿಥಿಗಳು ತಡವಾಗಿ ಬಂದರು. ಧ್ವಜ ಏರಿತು, ಭಾಷಣ ಶುರುವಾಯಿತು. ಮಲೆನಾಡಿನ ಅಂಚಿನ ಚಳಿಗಾಲದ ಬಿಸಿಲು ಹೇಗಿರುತ್ತದೆ ಗೊತ್ತಲ್ಲ, ಗಾಳಿ ತಣ್ಣಗೆ, ನೆತ್ತಿ ಮಾತ್ರ ಸುಡುತ್ತದೆ. ನಾವು ಸಾವ್ಧಾನ್‌ನಲ್ಲಿದ್ದೆವು. ಅಲ್ಲಾಡದೆ ನಿಂತರೆ ರಕ್ತ ಕಾಲಿನಲ್ಲೇ ನಿಂತುಬಿಡುತ್ತದೆ. ಮೀನಖಂಡ ಆಡಿದಾಗಲೇ ಅದು ಮೇಲೆ ತಳ್ಳಿಕೊಂಡು ಬರುವುದು. ಅದಕ್ಕೇ ಬೂಟಿನೊಳಗೆ ಬೆರಳು ಆಡಿಸುತ್ತಿರಿ, ಮಂಡಿ ಬಿಗಿ ಹಿಡಿಯಬೇಡಿ ಅಂತ ಉಸ್ತಾದ್ ಹೇಳಿಕೊಟ್ಟಿದ್ದರು. ನಾನು ಬೆರಳು ಆಡಿಸುತ್ತಿದ್ದೆ. ನನ್ನ ಎಡಗಡೆಯವಳು ಬೆಳಿಗ್ಗೆ ಏನೂ ತಿಂದಿರಲಿಲ್ಲ. ನನಗೆ ಅದು ಗೊತ್ತಿತ್ತು.

ಮೊದಲು ಅವಳ ಉಸಿರು ಕೇಳಿಸಿತು. ಬೇಗ ಬೇಗ. ಆಮೇಲೆ ಅವಳ ಮುಷ್ಟಿ ನನ್ನ ಮುಷ್ಟಿಗೆ ಒಂದು ಸಲ ತಾಗಿತು. ಆಮೇಲೆ ನನ್ನ ಎಡಗಡೆ ಒಂದು ಸದ್ದು. ಮೂಟೆ ಇಳಿಸಿದ ಹಾಗೆ ಅನ್ನುತ್ತಾರಲ್ಲ, ಹಾಗಲ್ಲ. ಬಹಳ ಮೆತ್ತನೆ ಸದ್ದು. ಆಮೇಲೆ ಬೆಲ್ಟಿನ ಹಿತ್ತಾಳೆ ಕಲ್ಲಿಗೆ ತಾಗಿದ್ದು. 'ಹಿಲೋ ಮತ್', ಅಲ್ಲಾಡಬೇಡಿ, ಅಂತ ಯಾರೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ನಮ್ಮಲ್ಲಿ ಯಾರೂ ಅಲ್ಲಾಡಲಿಲ್ಲ. ಹಿಂದಿನಿಂದ ಇಬ್ಬರು ಬಂದು ಅವಳನ್ನು ಎತ್ತಿಕೊಂಡು ಹೋದರು. ಅವರ ಚಪ್ಪಲಿ ಸದ್ದು ದೂರವಾಗುವುದನ್ನು ಕೇಳುತ್ತಾ ನಾನು ನಜರ್ ಸಾಮ್ನೇ ಇಟ್ಟುಕೊಂಡು ಧ್ವಜಕಂಬವನ್ನೇ ನೋಡುತ್ತಿದ್ದೆ. ಅವಳ ಉಸಿರಿನ ಲೆಕ್ಕವೂ ಗೊತ್ತಿದ್ದ ನಾನು ಕತ್ತು ತಿರುಗಿಸಲಿಲ್ಲ.

ಆಮೇಲೆ ಪಥಸಂಚಲನ. ಸಾಲು ಮುಚ್ಚಿಕೊಳ್ಳಲು ಹುಕುಂ ಬರಲಿಲ್ಲ. ನನ್ನ ಎಡಕ್ಕೆ ಒಬ್ಬಳಷ್ಟು ಜಾಗ ಖಾಲಿ. ಅದನ್ನು ಹಾಗೇ ಬಿಟ್ಟು ನಡೆದೆವು. ವೇದಿಕೆ ಮುಂದೆ 'ದಾಹಿನೇ ದೇಖ್' ಬಂತು. ಬಲಕ್ಕೆ ತಿರುಗಿದೆವು. ನಮಗೆ ಅವತ್ತು ಎರಡನೇ ಬಹುಮಾನ ಬಂತು. ಉಸ್ತಾದ್ ನಮ್ಮೆಲ್ಲರ ಬೆನ್ನು ತಟ್ಟಿದರು. ನಾನು ಅವರ ಹತ್ತಿರ ಕೇಳಿದೆ, ನಾನು ಮಾಡಿದ್ದು ಸರಿಯಾ ಅಂತ. ಎತ್ತುವ ಕೆಲಸ ಹಿಂದಿದ್ದವರದ್ದು, ನಿಲ್ಲುವ ಕೆಲಸ ನಿನ್ನದು, ನೀನೂ ಬಗ್ಗಿದ್ದರೆ ಎತ್ತುವವರಿಗೆ ಜಾಗ ಇರುತ್ತಿರಲಿಲ್ಲ ಅಂದರು. ಸರಿಯಾದ ಮಾತು. ಈಗಲೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಆದರೂ ಆ ಮಾತು ನನ್ನನ್ನು ಮುಟ್ಟಲಿಲ್ಲ. ಕಾಯುವುದು ಕಲಿತೆ, ಪಕ್ಕದವರನ್ನು ಕೇಳುವುದು ಕಲಿತೆ ಅಂತ ಮೇಲೆ ಬರೆದೆನಲ್ಲ. ಯಾರಿಗಾಗಿ ಕೇಳುವುದು ಕಲಿತೆನೋ ಅವಳು ಬಿದ್ದಾಗ ಆ ಕೇಳುವಿಕೆ ಸಾಲಿನ ಕೆಲಸಕ್ಕೆ ಬಂತು, ಅವಳ ಕೆಲಸಕ್ಕೆ ಬರಲಿಲ್ಲ.

2023ರ ಜನವರಿ 15ರಂದು ಸೇನಾ ದಿನದ ಪರೇಡ್ ಮೊದಲ ಸಲ ದೆಹಲಿ ಬಿಟ್ಟು ಬೆಂಗಳೂರಿನಲ್ಲಿ ನಡೆಯಿತು. 1949ರಲ್ಲಿ ಅದೇ ದಿನ ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾದರಲ್ಲ, ಅದರ ನೆನಪಿನ ದಿನ. ಟಿವಿಯಲ್ಲಿ ನೋಡುತ್ತಿದ್ದೆ. ಹುಕುಂ ಕೇಳಿದ ಕೂಡಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹಿಮ್ಮಡಿಗಳು ತಾವೇ ಕೂಡಿಕೊಂಡವು. ಕೈಯಲ್ಲಿ ಸೌಟು. ಅಷ್ಟು ವರ್ಷ ಆದಮೇಲೂ. ಎಡಗಡೆ ಮಾತ್ರ ಒಂದು ಜಾಗ ಖಾಲಿ ಇದೆ ಅನ್ನಿಸಿತು.

ಜೈಸೇ ಥೇ

ಹುಕುಂ ಕೊಡುವವರು ತಪ್ಪು ಹೇಳಿಬಿಟ್ಟರೆ ಅಥವಾ ಮಾಡಿದವರು ತಪ್ಪು ಮಾಡಿದರೆ 'ಜೈಸೇ ಥೇ' ಅನ್ನುತ್ತಾರೆ. ಹೇಗಿದ್ದಿರೋ ಹಾಗಾಗಿ ಅಂತ. ಎಲ್ಲರೂ ಹಿಂದಿನ ಸ್ಥಿತಿಗೆ ಹೋಗುತ್ತಾರೆ. ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೆ ಶುರು. ಇಷ್ಟು ದಯೆಯ ಹುಕುಂ ಇನ್ನೊಂದಿಲ್ಲ. ಹುಡುಗನಿಗೆ ಮಹಡಿ ಮೇಲೆ ಅದನ್ನೂ ಹೇಳಿಕೊಟ್ಟೆ. ಎರಡು ದಿನದಲ್ಲಿ ಅವನ ನಡಿಗೆ ಸರಿಹೋಯಿತು. ಹೊರಡುವ ಹಿಂದಿನ ಸಂಜೆ ಊಟ ಮಾಡುತ್ತಾ ಕೇಳಿದ, "ಚಿಕ್ಕಮ್ಮಾ, ಪಕ್ಕದವನು ಬಿದ್ರೆ ಏನ್ ಮಾಡ್ಬೇಕು?" ಶಾಲೆಯಲ್ಲಿ ಯಾರೋ ಬಿದ್ದಿದ್ದರಂತೆ. ನನಗೆ ಉತ್ತರ ಹೇಳಲು ಆಗಲಿಲ್ಲ. ಎದ್ದು ಅವನಿಗೆ ಮೊಸರು ಹಾಕಿದೆ.

ಆ ರಾತ್ರಿ ಅವಳಿಗೆ ಫೋನ್ ಮಾಡಿದೆ. ಈಗ ತುಮಕೂರಿನಲ್ಲಿದ್ದಾಳೆ. ವರ್ಷಕ್ಕೊಮ್ಮೆ ಮಾತಾಡುತ್ತೇವೆ. ಆದರೆ ಆ ದಿನದ ಬಗ್ಗೆ ಒಂದು ಸಲವೂ ಮಾತಾಡಿರಲಿಲ್ಲ. ನಾನು ತಿರುಗಿ ನೋಡಲಿಲ್ಲ ಅಂತ ಹೇಳಿದೆ. ಅವಳು ತುಸು ಹೊತ್ತು ಸುಮ್ಮನಿದ್ದಳು. "ಅದು ನಂಗೆ ಗೊತ್ತು ಕಣೆ, ನಾನಾಗಿದ್ರೂ ನೋಡ್ತಿರ್ಲಿಲ್ಲ" ಅಂದಳು. ಆಮೇಲೆ ಅಂದಳು, "ನಂಗೆ ಅಳು ಬಂದಿದ್ದು ಬೇರೆದಕ್ಕೆ. ಶಾಮಿಯಾನದ ಕೆಳಗೆ ಮಲಗಿಸಿದ್ರು. ನಿಮ್ಮ ಹೆಜ್ಜೆ ಕೇಳ್ತಿತ್ತು. ಒಬ್ಬಳು ಇಲ್ಲ ಅಂತ ಸದ್ದಲ್ಲಿ ಗೊತ್ತಾಗುತ್ತಾ ಅಂತ ಕಿವಿಗೊಟ್ಟು ಕೇಳ್ದೆ. ಗೊತ್ತಾಗ್ಲಿಲ್ಲ."

ಕಿಣಿ ಇರಲಿಲ್ಲ ಅಂತ ಹೇಳಿದೆ. ನಿನ್ನ ಲಾಳದ ಸದ್ದು. ನಾನು ಎರಡು ಸಲ ಹೆಜ್ಜೆ ತಪ್ಪಿ ಕದಮ್ ಬದಲ್ ಮಾಡಿಕೊಂಡೆ. ನಿನ್ನ ಜಾಗ ಖಾಲಿ ಬಿಟ್ಟೇ ನಡೆದೆವು, ಕೊನೆಯವರೆಗೂ.

"ಹೌದಾ?" ಅಂದಳು. "ಜಾಗ ಬಿಟ್ಟಿದ್ರಾ?"

ಅದು ಅವಳಿಗೆ ಯಾರೂ ಹೇಳಿರಲಿಲ್ಲ.